ಮದುವೆಯಾದರೆ ಹೋಗುವ ಮೊಡವಿಗಳು

ಜ್ಞಾನದ ಹುಡುಕಾಟವೆಲ್ಲ ಯಾವುದೋ ದೊಡ್ಡ ದುಃಖದಿಂದ ಶುರುವಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನ್ನದು ಮೂಗಿನ ಎಡಮಗ್ಗುಲಲ್ಲಿ ಶುರುವಾಯಿತು.

ಎಪ್ಪತ್ತರ ದಶಕದ ನಡುಭಾಗ, ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ. ನಮ್ಮೂರು ಶಲವಡಿ. ಪರೀಕ್ಷೆಯ ಫಲಿತಾಂಶಕ್ಕಿಂತ ಮೊದಲು ಒಂದು ಮೊಡವಿ ಬಂತು. ಫಲಿತಾಂಶ ಬರುವ ಹೊತ್ತಿಗೆ ಹಣೆ, ಗಲ್ಲ, ಗದ್ದ ಎಲ್ಲ ಕಡೆ ಅದರ ಬಳಗ ಬಂದು ನೆಲೆಸಿತ್ತು. ನಾನು ಪಾಸಾದದ್ದನ್ನು ಊರು ಒಂದೆರಡು ದಿನ ಮಾತಾಡಿ ಮರೆಯಿತು. ಮೊಡವಿಯನ್ನು ಮರೆಯಲಿಲ್ಲ.

ನಮ್ಮ ಕಡೆಯ ವೈದ್ಯಶಾಸ್ತ್ರದ ಒಂದು ಸಿದ್ಧಾಂತವನ್ನು ಇಲ್ಲಿ ಹೇಳಬೇಕು. ಜ್ವರ ದೇಹದ್ದು, ಅದನ್ನು ಯಾರ ಮುಂದೆ ಬೇಕಾದರೂ ಹೇಳಬಹುದು. ಮೊಡವಿ ಮನಸ್ಸಿನದು. ಹರೆಯದ ಹುಡುಗಿಯ ಮನಸ್ಸಿನೊಳಗೆ ಏನು ಕುದಿಯುತ್ತದೆಯೋ ಅದೇ ಮುಖದ ಮೇಲೆ ಗುಳ್ಳೆಯಾಗಿ ಏಳುತ್ತದೆ. ಹೀಗಾಗಿ ನಾನು ಕೆರೆಗೆ ನೀರಿಗೆ ಹೋದರೆ, ಮೆಟ್ಟಿಲ ಮೇಲೆ ಕೊಡ ತಿಕ್ಕುತ್ತ ಕೂತ ಹೆಂಗಸರು ನನ್ನ ಮುಖವನ್ನು ಪಂಚಾಂಗದ ಹಾಗೆ ಓದುತ್ತಿದ್ದರು.

"ಯಾರ ಮ್ಯಾಲ ಬೇ ಮನಸು? ಹಣಿ ಮ್ಯಾಲಿಂದು ಹೊಸಾದು ಕಾಣತೈತಿ."

"ಯಾರ ಮ್ಯಾಲೂ ಇಲ್ಲ."

"ಮತ್ತ ಗಲ್ಲ ಯಾಕ ಅಷ್ಟು ಕೆಂಪಾತು?"

ಗಲ್ಲ ಕೆಂಪಾದದ್ದು ಅವರ ಪ್ರಶ್ನೆಯಿಂದ. ಆದರೆ ಅದನ್ನು ಹೇಳಿದರೆ ಇನ್ನಷ್ಟು ಕೆಂಪಾಗುತ್ತಿತ್ತು. ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿ ಅರ್ಧ ಮುಖ ಮುಚ್ಚಿಕೊಂಡು ಮನೆಗೆ ಬರುತ್ತಿದ್ದೆ. ಕೊಡದ ನೀರೆಲ್ಲ ಬೆನ್ನ ಮೇಲೆ ಚೆಲ್ಲಿರುತ್ತಿತ್ತು.

ರೋಗದ ಕಾರಣ ಇಷ್ಟು ನಿಚ್ಚಳವಾದ ಮೇಲೆ ಔಷಧವೂ ನಿಚ್ಚಳ. ಅಪ್ಪನ ತಾಯಿ, ನಮ್ಮ ಆಯಿ, ಅದನ್ನು ಊಟಕ್ಕೆ ಕೂತಾಗೆಲ್ಲ ಅಪ್ಪನಿಗೆ ಹೇಳುತ್ತಿದ್ದಳು. "ತಲಿ ಮ್ಯಾಲ ನಾಕು ಅಕ್ಕಿಕಾಳು ಬಿದ್ದೂ ಅಂದ್ರ ಮಾರಿ ಹಸನಾಗತೈತಿ. ದವಾಖಾನಿ ಯಾಕ ಬೇಕು?"

ನನಗೆ ಬೇಕಾದದ್ದು ಅಕ್ಕಿಕಾಳಲ್ಲ. ಧಾರವಾಡದಲ್ಲಿ ಶಿಕ್ಷಕಿಯರ ಟ್ರೇನಿಂಗಿಗೆ ಹೋಗಬೇಕೆಂದು ಅರ್ಜಿ ಹಾಕಿದ್ದೆ. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಮೊಡವಿ ಮದುವೆಯಿಂದಲೇ ಹೋಗುವುದಾದರೆ ನನ್ನ ಟ್ರೇನಿಂಗ್ ಹೋದ ಹಾಗೆ. ಅದಕ್ಕೆ ಬೇರೆ ಕಾರಣ, ಬೇರೆ ಔಷಧ ಇವೆ ಎಂದು ಅಪ್ಪ ನಂಬುವಂಥವರು ಯಾರಾದರೂ ಹೇಳಿದರೆ ಮಾತ್ರ ನನಗೊಂದು ದಾರಿ. ಆದರೆ ಯಾರನ್ನು ಕೇಳುವುದು? ಕೇಳಿದರೆ ಹುಡುಗಿಗೆ ಮುಖದ ಚಿಂತೆ ಹತ್ತಿದೆ ಎಂದಾಗುತ್ತಿತ್ತು. ಮುಖದ ಚಿಂತೆ ಹತ್ತಿದ್ದರೆ ಮನಸ್ಸು ಎಲ್ಲಿಗೋ ಓಡಿದೆ ಎಂದಾಗುತ್ತಿತ್ತು. ಪ್ರಶ್ನೆಯೇ ಕಬೂಲಿ ಜವಾಬು, ಅಂದರೆ ತಪ್ಪೊಪ್ಪಿಗೆ, ಆಗುವ ವಿಷಯ ಅದು.

ಮೊದಲು ನನ್ನ ಶಾಲೆಯ ವಿಜ್ಞಾನದ ಪುಸ್ತಕವನ್ನು ನೋಡಿದೆ. ಚರ್ಮದ ಪಾಠ ಇತ್ತು, ಚಿತ್ರವೂ ಇತ್ತು. ಕೂದಲಿನ ಬುಡ, ಬೆವರಿನ ಗ್ರಂಥಿ, ಎಣ್ಣೆಯ ಗ್ರಂಥಿ ಎಲ್ಲಕ್ಕೂ ಬಾಣದ ಗುರುತು ಹಾಕಿ ಹೆಸರು ಬರೆದಿದ್ದರು. ಮೊಡವಿ ಇರಲಿಲ್ಲ. ಸರಕಾರದ ಪುಸ್ತಕದಲ್ಲಿ ಎಲ್ಲರ ಚರ್ಮವೂ ಅಗದಿ ಸ್ವಚ್ಛ.

ಎರಡನೆಯ ಆಧಾರ ಕಿರಾಣಿ ಅಂಗಡಿಯಿಂದ ಬಂತು. ಅವ್ವ ಸಕ್ಕರೆ ತಂದ ಪೊಟ್ಟಣ ಬಿಚ್ಚಿದಾಗ ಅದು ಯಾವುದೋ ವಾರಪತ್ರಿಕೆಯ ಹಾಳೆ. ಓದುಗರು ಕೇಳುವುದು, ಡಾಕ್ಟರು ಹೇಳುವುದು. "ನನಗೆ ಹತ್ತೊಂಬತ್ತು ವರ್ಷ. ಮುಖದ ತುಂಬ ಮೊಡವೆಗಳು. ಹೊರಗೆ ಹೋಗಲು ನಾಚಿಕೆ. ದಯವಿಟ್ಟು ಕಾರಣ ಮತ್ತು ಪರಿಹಾರ ತಿಳಿಸಿ." ಅದರ ಕೆಳಗೆ "ಉತ್ತರ:" ಎಂದು ದಪ್ಪ ಅಕ್ಷರ. ಅದರ ಕೆಳಗೆ ಹಾಳೆ ಹರಿದಿತ್ತು. ಉತ್ತರ ಯಾರ ಮನೆಗೆ ಹೋಯಿತೋ, ಅದರಲ್ಲಿ ಬೆಲ್ಲ ಕಟ್ಟಿದ್ದರೋ ಜೀರಿಗೆ ಕಟ್ಟಿದ್ದರೋ ದೇವರಿಗೇ ಗೊತ್ತು. ಮುಂದೆ ಬಹಳ ದಿನ ಸಂತೆಯ ಸಾಮಾನನ್ನು ನಾನೇ ಮುಂದೆ ಬಿದ್ದು ಡಬ್ಬಿಗೆ ಸುರಿಯುತ್ತಿದ್ದೆ. ಮೊಮ್ಮಗಳಿಗೆ ಮನೆಗೆಲಸದ ಮೇಲೆ ಲಕ್ಷ್ಯ ಬಂತೆಂದು ಆಯಿ ಅದನ್ನೂ ಮದುವೆಯ ಲೆಕ್ಕಕ್ಕೆ ಹಿಡಿದಳು.

ಕಡೆಗೆ ಆಯಿಯ ಮನೆಮದ್ದಿಗೇ ಶರಣಾದೆ. ನಮ್ಮ ಹೆಂಗಸರು ತಲೆ ಎರೆದುಕೊಳ್ಳುವಾಗ ಕೂದಲಿಗೆ ಹಚ್ಚಿ ತಿಕ್ಕುವುದು ಹೊಲದ ಎರಿಮಣ್ಣನ್ನು. "ತಲಿ ಎಣ್ಣಿ ತಗೀತೈತಿ, ಮಾರಿ ಎಣ್ಣಿ ತಗಿಯಂಗಿಲ್ಲೇನು?" ಎಂದಳು ಆಯಿ. ತರ್ಕದಲ್ಲಿ ತಪ್ಪು ಕಾಣಲಿಲ್ಲ. ಕರಿಯ ಮಣ್ಣನ್ನು ಕಲಸಿ ದಪ್ಪಗೆ ಬಳಿದುಕೊಂಡು ಹಿತ್ತಲ ಬಿಸಿಲಿಗೆ ಕೂತೆ. ಎರಿಮಣ್ಣು ಒಣಗಿದರೆ ಏನು ಮಾಡುತ್ತದೆ ಎಂಬುದನ್ನು ಹೊಲದಲ್ಲಿ ಹುಟ್ಟಿನಿಂದ ನೋಡಿದ್ದೆ. ಅದು ಮುಖದ ಮೇಲೂ ಅದನ್ನೇ ಮಾಡುತ್ತದೆ ಎಂದು ಹೊಳೆದಿರಲಿಲ್ಲ. ಮೊದಲು ಬಿಗಿಯಿತು. ಆಮೇಲೆ ಬಿರಿಯಿತು.

ಅಷ್ಟರಲ್ಲಿ ಮುಂಬಾಗಿಲಿನಿಂದ ಅಪ್ಪನ ದನಿ. "ನೀರು ತಾ ಬೇ. ಸಂಶಿಯಿಂದ ಬಂದಾರ. ಎತ್ತು ನೋಡಾಕ."

ಅಪ್ಪ ಬಿಳಿ ಎತ್ತನ್ನು ಮಾರಬೇಕೆಂದಿದ್ದದ್ದು ನಿಜವೇ. ಎತ್ತು ಕೊಳ್ಳುವವರು ಎತ್ತಿನ ಹಲ್ಲು ನೋಡುತ್ತಾರೆ, ನೀರು ತಂದವಳ ಮುಖವನ್ನಲ್ಲ ಎಂದುಕೊಂಡು, ಹಾಗೆಯೇ ತಂಬಿಗೆ ಹಿಡಿದು ಹೋದೆ. ನಮ್ಮ ಕಡೆ ಕನ್ಯಾ ನೋಡಲು ಮೊದಲ ಸಲ ಬರುವವರು ಕನ್ಯಾ ನೋಡಲು ಬಂದೆವು ಎನ್ನುವುದಿಲ್ಲ. ಎತ್ತು ನೋಡಲು, ಬೀಜ ಕೇಳಲು ಬಂದೆವು ಎನ್ನುತ್ತಾರೆ. ಪಸಂದ ಬೀಳದಿದ್ದರೆ ಎತ್ತು ಪಸಂದ ಬೀಳಲಿಲ್ಲ ಎಂದು ಹೋಗಬಹುದು, ಯಾರ ಮಾನವೂ ಹೋಗುವುದಿಲ್ಲ. ಇದು ನನಗೆ ಗೊತ್ತಿದ್ದ ವಿಷಯ. ಬೇರೆ ಹುಡುಗಿಯರ ಮನೆಗೆ ಹೀಗೆ ಬಂದಾಗ ಮೊದಲು ನಕ್ಕವಳೇ ನಾನು.

ಇಬ್ಬರು ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಅವರಲ್ಲಿ ತಲೆಗೆ ಪಟಕಾ ಸುತ್ತಿದವರು ತಂಬಿಗೆ ತೆಗೆದುಕೊಂಡು ನನ್ನನ್ನು ಸಾವಕಾಶ ನೋಡಿ, ಅಪ್ಪನ ಕಡೆ ತಿರುಗಿದರು.

"ಎರಿ ಅಗದಿ ಛಲೋ ಬಿರಕ ಬಿಟ್ಟೈತಿ ನೋಡ್ರಿ. ನಿಮ್ಮ ಹೊಲದ್ದೇನು?"

ಅಪ್ಪ ಎತ್ತಿನ ಕಡೆ ನೋಡಿದ. ಒಳಗಿನಿಂದ ಆಯಿ, ಯಾರೂ ಕೇಳದಿದ್ದರೂ, "ಮೊಡವಿಗೆ ಹಚ್ಚೇವ್ರಿ" ಎಂದು ಕೂಗಿ ಹೇಳಿದಳು.

"ಇರಲಿ ತಗೋರಿ," ಎಂದರು ಪಟಕಾದವರು. "ನಮ್ಮ ದೊಡ್ಡ ಸೊಸಿಗೂ ಇದ್ದೂ. ಮದಿವಿ ಆದ ಮ್ಯಾಲ ತಾವ ಹ್ವಾದೂ."

ಎತ್ತಿನ ಬೆಲೆ ಕೇಳದೆ ಎದ್ದು ಹೋದರು. ಆಗ ತಿಳಿಯಿತು. ಮುಖ ತೊಳೆಯಲು ಬಚ್ಚಲಿಗೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತೆ. ಬೇಡವೆಂದು ಹೋಗಿದ್ದರೆ ಒಂದು ಅವಮಾನದಲ್ಲಿ ಮುಗಿಯುತ್ತಿತ್ತು. ಅವರು ಆಗಲಿ ಎಂದು ಹೋಗಿದ್ದರು.

ಅವ್ವ ಹೊಲದಿಂದ ಬಂದು ಎಲ್ಲ ಕೇಳಿದಳು. ಅವಳಿಗೆ ನನ್ನ ಟ್ರೇನಿಂಗಿನ ಆಸೆ ಗೊತ್ತಿತ್ತು. "ನವಲಗುಂದದ ದವಾಖಾನಿಗೆ ಹೆಣ್ಣುಡಾಕ್ಟರು ಬಂದಾರಂತ," ಎಂದಳು ಮೆಲ್ಲಗೆ. "ಮಾರಿ ತೋರಸಾಕ ಅಂದ್ರ ನಿಮ್ಮಪ್ಪ ಬರೂದಿಲ್ಲ. ಹೊಟ್ಟಿಬ್ಯಾನಿ ಅನ್ನು."

ಹೀಗೆ ಔಷಧ ಹಾಕಿಸಿಕೊಳ್ಳಲು ಒಂದು ಖಾಲಿ ಬಾಟಲಿ, ಒಂದು ಸುಳ್ಳು ಹೊಟ್ಟೆನೋವು ಮತ್ತು ಅಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿದೆ. ದವಾಖಾನೆಯಲ್ಲಿ ಸಾಲು ಬಾಗಿಲಿನಾಚೆಗೂ ಇತ್ತು. ಅಪ್ಪ ಹೊರಗೆ ಬೇವಿನ ಗಿಡದ ಕೆಳಗೆ ನಿಂತ. ಒಳಗೆ ಡಾಕ್ಟರಬಾಯಿ ನನ್ನ ಹೊಟ್ಟೆ ಒತ್ತಿದರು.

"ಇಲ್ಲಿ ನೋಯ್ತದ?"

"ಹೂಂ ರೀ."

"ಇಲ್ಲಿ?"

"ಅಲ್ಲೂ ರೀ."

"ಎಲ್ಲಾ ಕಡೆ ನೋಯೂ ಹೊಟ್ಟಿ ನಾ ನೋಡಿಲ್ಲ. ಖರೇ ಹೇಳು."

ಬೆರಳಿನಿಂದ ಗಲ್ಲ ತೋರಿಸಿದೆ. ಅವರು ನಗಲಿಲ್ಲ. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಇದು ಮನಸ್ಸಿನದಲ್ಲ, ರಕ್ತ ಕೆಟ್ಟದ್ದೂ ಅಲ್ಲ ಎಂದರು. ಹರೆಯಕ್ಕೆ ಬಂದಾಗ ಚರ್ಮದೊಳಗಿನ ಎಣ್ಣೆ ಹೆಚ್ಚಾಗುತ್ತದೆ, ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಕೀವಾಗುತ್ತದೆ. ಗಂಡುಹುಡುಗರಿಗೂ ಬರುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ ಅಷ್ಟೇ. ಚಿವುಟಬಾರದು, ಕಲೆ ಉಳಿಯುತ್ತದೆ. ಮುಖಕ್ಕೆ ಎಣ್ಣೆ ಬೇಡ, ಮಣ್ಣೂ ಬೇಡ. ಮುಂಜಾನೆ ಸಂಜೆ ಸಾಬೂನಿನಿಂದ ಮೆತ್ತಗೆ ತೊಳೆದು, ಕೊಡುವ ಗಂಧಕದ ಔಷಧ ಹಚ್ಚಬೇಕು. ತಿಂಗಳುಗಟ್ಟಲೆ ಕಾಯಬೇಕು. ವಿಜ್ಞಾನ ಪುಸ್ತಕದ ಚಿತ್ರದಲ್ಲಿ ಬಾಣ ಹಾಕದೆ ಬಿಟ್ಟದ್ದು ಇದೇ.

ನಾನು ಕೇಳಲೆಂದೇ ಬಂದ ಪ್ರಶ್ನೆ ಮಾತ್ರ ಇನ್ನೂ ಉಳಿದಿತ್ತು. ಬಗ್ಗಿ ಪಿಸುಗುಟ್ಟಿದೆ. "ಮದಿವಿ ಆದ್ರ ಹೋಗತಾವೇನ್ರಿ?"

"ಯಾರು ಹೇಳಿದ್ರು?"

"ಮನ್ಯಾಗ ರೀ."

"ಯಾರು ಬಂದಾರ ಜೋಡಿ? ನಿಮ್ಮಪ್ಪಾರು? ಒಳಗ ಕರಿ ಅವರನ್ನ."

ಅಪ್ಪ ಸಾಲನ್ನು ಸರಿಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಡಾಕ್ಟರಬಾಯಿ, ದೂರದ ರೋಗಿಗಳಿಗೂ ಕೇಳುವ ಅಭ್ಯಾಸದ ದನಿಯಲ್ಲಿ, "ನೋಡ್ರಿ, ನಿಮ್ಮ ಮಗಳು ಮದಿವಿ ಆದ್ರ ಮೊಡವಿ ಹೋಗತಾವೇನು ಅಂತ ಕೇಳಾಕತ್ಯಾಳ," ಎಂದರು. ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬಾಕೆ "ಮಾಡ್ರಿಯಪ್ಪಾ ಲಗೂನ, ಪಾಪ," ಎಂದಳು. "ಮದಿವಿಗೂ ಇದಕ್ಕೂ ಏನೂ ಸಂಬಂಧ ಇಲ್ಲ," ಎಂದು ಡಾಕ್ಟರಬಾಯಿ ಮುಂದೆ ಹೇಳಿದ್ದು ನಗೆಯಲ್ಲಿ ಮುಳುಗಿತು, ಅಪ್ಪನಿಗೆ ಕೇಳಿತೋ ಇಲ್ಲವೋ ತಿಳಿಯಲಿಲ್ಲ. ನಾನು ನೆಲದ ಫರಸಿ ನೋಡುತ್ತ ನಿಂತೆ. ಅಲ್ಲೊಂದು ಅಯೋಡಿನ್ ಕಲೆ ಇತ್ತು. ಅದರ ಆಕಾರವನ್ನು ಇವತ್ತೂ ಬರೆದು ತೋರಿಸಬಲ್ಲೆ.

ಬಸ್ಸಿಗೆ ಕಾಯುವಾಗ ಅಪ್ಪ ಎಲೆಅಡಿಕೆ ಹಾಕಿಕೊಂಡ, ಉಗುಳಿದ, ಮತ್ತೆ ಹಾಕಿಕೊಂಡ. ಆಮೇಲೆ ರಸ್ತೆ ನೋಡುತ್ತಲೇ ಕೇಳಿದ.

"ನಿನಗ ಮದಿವಿ ಆಗಬೇಕಂತ ಐತೇನು? ಇದ್ರ ಹೇಳು."

"ಇಲ್ಲಪ್ಪಾ. ಆಗಬಾರದು ಅಂತಾನ ಕೇಳಿದೆ."

"ಮತ್ತ ಹೊಟ್ಟಿಬ್ಯಾನಿ?"

"ಅದೂ ಇಲ್ಲ."

ಅಪ್ಪ ಔಷಧದ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಧೋತರದ ಚುಂಗಿನಿಂದ ಒರೆಸಿ, ಶಲವಡಿ ಬರುವ ತನಕ ತಾನೇ ತೊಡೆಯ ಮೇಲೆ ಹಿಡಿದುಕೊಂಡು ಕೂತ.

ಮನೆಯಲ್ಲಿ ಆಯಿಗೆ ಹೇಳಿದ. "ಡಾಕ್ಟರಬಾಯಿ ಹೇಳ್ಯಾರ. ಮದಿವಿಗೂ ಮೊಡವಿಗೂ ಸಂಬಂಧ ಇಲ್ಲಂತ."

"ಆಕಿಗೆ ಮದಿವಿ ಆಗೇತೇನು?"

"ಇಲ್ಲ ಅನಸತೈತಿ. ಕೊಳ್ಳಾಗ ತಾಳಿ ಕಾಣಲಿಲ್ಲ."

"ಮಾರಿ ಮ್ಯಾಲ ಮೊಡವಿ ಅದಾವೇನು?"

ಅಪ್ಪ ಸ್ವಲ್ಪ ನೆನಪು ಮಾಡಿಕೊಂಡ. "ಇಲ್ಲ."

ಆಯಿಯ ಶಾಸ್ತ್ರಕ್ಕೆ ಯಾರೂ ಅಷ್ಟು ನೆಟ್ಟಗೆ ಅಡ್ಡ ಬಂದಿರಲಿಲ್ಲ. ಸಂಶಿಯವರಿಗೆ ಅಪ್ಪ, ಈ ವರ್ಷ ಎತ್ತು ಮಾರುವುದಿಲ್ಲ ಎಂದು ಹೇಳಿ ಕಳಿಸಿದ.

ಆ ಬೇಸಿಗೆ ಕಳೆದ ಮೇಲೆ ನಾನು ಧಾರವಾಡದ ಟ್ರೇನಿಂಗಿಗೆ ಸೇರಿದೆ. ಮದುವೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆಯಿತು. ಮೊಡವಿಗಳು ಇಪ್ಪತ್ತಾರಕ್ಕೆ ನಿಂತವು.