ಬಾಯಿಯವರೆಗೆ ತುಂಬಿಸಿದವಳು ನಾನು

ಲವೀನಾಳ ಪೆಟ್ಟಿಗೆ ಸರಿಯೇ ಇತ್ತು. ಉಪ್ಪಿನಕಾಯಿ ಸೋರಿದ್ದು ನನ್ನಿಂದ. ಬೈಗಳು ತಿಂದವಳು ಅವಳು, ಆರು ವರ್ಷ ಬಾಯಿ ಮುಚ್ಚಿ ಕೂತವಳು ನಾನು — ನಡೆದದ್ದು ಇಷ್ಟೇ.

ಲವೀನಾ ನನ್ನ ಸೊಸೆ, ಅತ್ತೆಯಾದ ನನ್ನನ್ನು ಮಾಂಯ್ ಎನ್ನುತ್ತಾಳೆ. ನನ್ನ ಮಾವಿನ ಮಿಡಿ ಉಪ್ಪಿನಕಾಯಿ ಮೊದಲು ಹೊಸಂಗಡಿಯ ಅಂಗಡಿಯಲ್ಲಿ ಗಾಜಿನ ಬಾಟಲಿಯಲ್ಲಿ ಇರುತ್ತಿತ್ತು. ಜನ ಎತ್ತಿ, ಬೆಳಕಿಗೆ ಹಿಡಿದು ನೋಡಿ ಕೊಳ್ಳುತ್ತಿದ್ದರು. ಅದಕ್ಕೇ ಬಾಯಿಯವರೆಗೆ ತುಂಬಿಸುತ್ತಿದ್ದೆ. ಕಡಿಮೆ ಕಂಡರೆ ನನ್ನ ಮರ್ಯಾದೆ ಏನಾಗಬೇಕು? ಆನ್‌ಲೈನಿನಲ್ಲಿ ಮಾರಲು ಹೊರಟಾಗ ಲವೀನಾ ಎಲ್ಲ ಬದಲಿಸಿದಳು. ಗಿಡ್ಡ ಪ್ಲಾಸ್ಟಿಕ್ ಬಾಟಲಿ. ಫೋನಿನಲ್ಲೂ ಓದಬಹುದಾದ ದೊಡ್ಡ ಅಕ್ಷರದ ಲೇಬಲ್. ಬಾಟಲಿ ಅಲುಗದಂತೆ ಅವಳೇ ಕತ್ತರಿಸಿ ಮಡಚಿದ ರಟ್ಟಿನ ಪೆಟ್ಟಿಗೆ — ಅದಕ್ಕಾಗಿ ಎಷ್ಟು ರಟ್ಟು ಹಾಳು ಮಾಡಿದಳೋ, ನಾನು ನಗಾಡಿದ್ದೆ.

"ಮಾಂಯ್, ಮೇಲೆ ಎರಡು ಬೆರಳು ಖಾಲಿ ಇರಲಿ. ದಾರಿಯಲ್ಲಿ ಬಿಸಿಗೆ ಉಕ್ಕುತ್ತದೆ" ಎಂದಿದ್ದಳು.

ಮುಚ್ಚಳ ಹಾಕುವ ಕೆಲಸ ನನ್ನದು. ಅವಳು ಅತ್ತ ಹೋದಾಗ ಒಂದೊಂದಕ್ಕೂ ಒಂದೊಂದು ಸೌಟು ಸುರಿದೆ. ಲೇಬಲ್ ಅಡ್ಡವಿದ್ದುದರಿಂದ ಹೊರಗೆ ಕಾಣುತ್ತಿರಲಿಲ್ಲ. ಕಡಿಮೆ ತುಂಬಿಸಿ ಕಳಿಸಿದಳೆಂದು ಕಾಣದ ಊರಿನವರು ನನ್ನನ್ನು ಆಡಿಕೊಂಡರೆ — ತಲೆಯಲ್ಲಿ ಇದ್ದದ್ದು ಅದೊಂದೇ.

ವಾರದೊಳಗೆ ಫೋಟೋಗಳು ಬಂದವು. ಒದ್ದೆ ರಟ್ಟು, ಕೆಂಪು ರಸ. ಹಿಂದೆಯೇ ಕೆಲವು ಪೆಟ್ಟಿಗೆಗಳು ವಾಪಸೂ ಬಂದವು. ಮಗ ಸ್ಟ್ಯಾನಿ ಹೆಂಡತಿಯ ಮೇಲೆ ರೇಗಿದ: "ನಿನ್ನ ಪೆಟ್ಟಿಗೆ ಫೋಟೋಕ್ಕೆ ಮಾತ್ರ ಚಂದ ಮಾರಾಯ್ತಿ!"

ಲವೀನಾ ನನ್ನ ಕಡೆ ನೋಡಿದಳು. ನಾನು ಹೇಳಿದ್ದು — "ಇದೆಲ್ಲ ಬೇಡ ಅಂತ ನಾನು ಮೊದಲೇ ಹೇಳಿದ್ದೆ."

ಗೊತ್ತಿದ್ದೇ ಹೇಳಿದೆ.

ಮತ್ತೆ ಮೇಲಿಂದ ಸುರಿಯಲು ನಾನು ಸೌಟು ಮುಟ್ಟಲಿಲ್ಲ, ಸೋರುವುದು ನಿಂತಿತು. ಅಷ್ಟರಲ್ಲಿ ಅವಳು ತನ್ನ ಪೆಟ್ಟಿಗೆ ಬಿಸಾಡಿ ಪೇಟೆಯ ದಪ್ಪ ಪೆಟ್ಟಿಗೆ ತಂದಿದ್ದಳು. ಹೊಗಳಿಕೆ ಅದಕ್ಕೆ ಹೋಯಿತು.

ಮೊನ್ನೆ ಬೆಳ್ಳೂರಿನ ಕೆಲವು ಹೆಂಗಸರು ಪ್ಯಾಕಿಂಗ್ ಕಲಿಯಲು ಎರಡು ದಿನಕ್ಕೆಂದು ಬಂದರು. "ಶುರುವಿಗೆ ನನ್ನ ಪೆಟ್ಟಿಗೆಯೇ ಸರಿ ಇರಲಿಲ್ಲ" ಎಂದು ಲವೀನಾ ಅವರಿಗೆ ಹೇಳುವುದು ಕೇಳಿ ನನಗೆ ಕೂರಲಾಗಲಿಲ್ಲ. ಸಂಜೆ ಅವರು ಹೋದ ಮೇಲೆ ಅವಳಿಗೆ ಎಲ್ಲ ಹೇಳಿಬಿಟ್ಟೆ.

"ಗೊತ್ತುಂಟು ಮಾಂಯ್. ವಾಪಸು ಬಂದದ್ದರಲ್ಲಿ ಸೋರದ್ದು ಒಂದಿತ್ತು. ಮುಚ್ಚಳ ಬಿಚ್ಚಿ ನೋಡಿದ್ದೆ, ಬಾಯಿಯವರೆಗೆ ಇತ್ತು."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಮತ್ತೆ ಭರಣಿ ಮುಟ್ಟುತ್ತಿದ್ರಾ? ನಿಮ್ಮ ಸಿಟ್ಟು ನಂಗೆ ಗೊತ್ತಿಲ್ವಾ!"

ಅಂದರೆ ಅವಳು ದಪ್ಪ ಪೆಟ್ಟಿಗೆ ತಂದದ್ದು ನನ್ನ ತಪ್ಪು ಮುಚ್ಚಲಿಕ್ಕೆ. ಈ ಕೈಗೆ ಇವತ್ತಿಗೂ ಕೆಲಸ ಇರುವುದು, ದೂರದವರು ನನ್ನ ಮಿಡಿಯನ್ನೇ ಕೇಳಿ ತರಿಸುವುದು — ಎಲ್ಲ ಅವಳ ಉಪಕಾರ. ಹೊಗಳಿ ಅಭ್ಯಾಸವಿಲ್ಲ ನನಗೆ. ಆದರೂ ಬರೆಯುತ್ತೇನೆ: ಇಂಥ ಸೊಸೆ ಸಿಗುವಂಥದ್ದು ನಾನೇನೂ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಗಸರು ಬಂದು ಕೂತ ಕೂಡಲೇ ಸ್ಟ್ಯಾನಿಯನ್ನೂ ಕರೆದು ನಿಲ್ಲಿಸಿದೆ. ಒಂದು ಬಾಟಲಿಯನ್ನು ಬಾಯಿಯವರೆಗೆ ತುಂಬಿಸಿ, ಮುಚ್ಚಳ ಬಿಗಿದು, ಅಂಗಳದ ಬಿಸಿಲಿನಲ್ಲಿ ಅಡ್ಡ ಮಲಗಿಸಿದೆ. ರಸ ಹೊರಗೆ ಬರುವವರೆಗೆ ಯಾರನ್ನೂ ಏಳಲು ಬಿಡಲಿಲ್ಲ. ಆಮೇಲೆ ಮಗನ ಮುಖ ನೋಡಿ ಹೇಳಿದೆ: "ಅವತ್ತು ನಾನು ಮಾಡಿದ್ದು ಇದು. ಈಗ ನಿನ್ನ ಹೆಂಡತಿಗೆ ನೀನು ಹೇಳುವುದು ಎಂತ ಉಂಟೋ, ಹೇಳು."