ಬಿಯರಿನ ರುಚಿ ನೋಡುತ್ತಿದ್ದವರು

ಹೋದ ತಿಂಗಳು ಮೈಸೂರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಊಟಕ್ಕೆ ಕರೆದಿದ್ದರು. ಈಚೆಗೆ ಇಂಥ ಕಡೆ ಹೋಗಿಬರುವುದೇ ನನಗೆ ಆಯಾಸ. ಮೂಲೆಯ ಕುರ್ಚಿ ಹಿಡಿದು ಕೂತಿದ್ದೆ. ಯಾರೋ ಒಂದು ಗ್ಲಾಸು ಬಿಯರು ತಂದು ಮುಂದಿಟ್ಟರು. ಜೇನಿಗಿಂತ ಗಾಢವಾದ, ಕೆಂಪು ತಿರುಗಿದ ಬಣ್ಣ. ಮೂಗಿನ ಹತ್ತಿರ ಹಿಡಿದೆ. ತಳ ಹಿಡಿದ ಬೆಲ್ಲದ ಪಾಕ, ಅದರ ಹಿಂದೆಯೇ ಕಿತ್ತಳೆ ಸಿಪ್ಪೆ… ಪಾಂಡವಪುರದ ಒಂದು ಹಿತ್ತಿಲು ಕಣ್ಣೆದುರು ಬಂದು ನಿಂತಿತು. ಕುಡಿಯುವುದನ್ನೂ ಮರೆತು ಹಾಗೇ ಕೂತೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗ ಪಾಂಡವಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ, ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಕ್ಕದ ಮನೆಯ ಯಜಮಾನರು ಮೈಸೂರಿನಾಚೆ ಒಂದು ಬಿಯರ್ ಕಾರ್ಖಾನೆಯಲ್ಲಿದ್ದರು. ಬೆಳಿಗ್ಗೆ ಸೈಕಲ್ ತುಳಿದು ಊರಾಚೆಯ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿದರೆ ಮರಳುವುದು ಸಂಜೆಗೆ. ರುಚಿ ನೋಡುವುದು ಅವರ ಕೆಲಸ. ಅವರು ಒಂದು ಗುಟುಕು ಕುಡಿದು ಬೇಡವೆಂದು ತಲೆ ಅಲ್ಲಾಡಿಸಿದರೆ ಆ ತೊಟ್ಟಿಯ ಬಿಯರು ಹೊರಗೆ ಹೋಗುವಂತಿರಲಿಲ್ಲ.

ಕೆಲಸದ ಹೊರಗೆ ಅವರು ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ. ನಾಲಿಗೆ ಕೆಡುತ್ತದೆಂದು ಎಲೆ ಅಡಿಕೆಯನ್ನೂ ಹಾಕುತ್ತಿರಲಿಲ್ಲ. ಅವರ ಪಾಲಿನ ಸಾರನ್ನು ಖಾರವಿಲ್ಲದೆ ಬೇರೆ ತೆಗೆದಿಡುವುದು ಹೆಂಡತಿಗೆ ಅಭ್ಯಾಸವಾಗಿಬಿಟ್ಟಿತ್ತು. ಆದರೆ ಬೀದಿಯವರಿಗೆ ಅವರು ಸಂಬಳ ತೆಗೆದುಕೊಂಡು ಕುಡಿಯುವ ಮನುಷ್ಯ. ಸಂಜೆ ಸೈಕಲ್ ಸ್ವಲ್ಪ ವಾಲಿದರೂ ಜಗಲಿಯ ಮೇಲಿದ್ದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವರಿಗದು ಗೊತ್ತಿತ್ತು. ಗೊತ್ತಿಲ್ಲದವರಂತೆ ಸೈಕಲ್ ಒಳಗಿಡುತ್ತಿದ್ದರು.

ದಸರಾ ಮುಗಿದಿತ್ತು. ಮಳೆ ಹಿಂದೆ ಸರಿದು, ಚಳಿ ಇನ್ನೂ ಕಾಲಿಡದ ದಿನಗಳು. ಒಂದು ಭಾನುವಾರ ಮಧ್ಯಾಹ್ನ ನಮ್ಮಿಬ್ಬರ ಮನೆಯ ನಡುವಿನ ಮೋಟುಗೋಡೆಯಾಚೆಯಿಂದ ಕರೆದರು.

"ಬಾರ್ಲಾ ಇಲ್ಲಿ. ಒಂದು ತೋರುಸ್ಬೇಕು."

ಗೋಡೆ ದಾಟಿ ಹೋದೆ. ಅವರ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೀಟಿ ಅಂಟಿಸದ ಒಂದು ಬಾಟಲಿ, ಎರಡು ಗ್ಲಾಸು ಇದ್ದವು. ಕಾರ್ಖಾನೆಗೆ ಬಂದಿದ್ದ ಪರದೇಶದ ತಜ್ಞನೊಬ್ಬ ತನ್ನ ಸೀಮೆಯಲ್ಲಿ ಎಲೆ ಉದುರುವ ಕಾಲಕ್ಕೆ ಕುಡಿಯುವ ಬಿಯರನ್ನು ಪರೀಕ್ಷೆಗೆಂದು ಒಂದಿಷ್ಟೇ ಮಾಡಿದ್ದನಂತೆ. ಕಹಿ ಕೊಡುವ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಎರಡರಷ್ಟು ಸುರಿದಿದ್ದನಂತೆ. ಈ ಕಡೆ ಇದು ನಡೆಯುವುದಿಲ್ಲವೆಂದು ಕಾರ್ಖಾನೆಯವರು ಅಲ್ಲಿಗೇ ಕೈಬಿಟ್ಟರು. ಯಜಮಾನರು ಒಂದು ಬಾಟಲಿ ಕೇಳಿ ತಂದಿದ್ದರು. ಅವರು ಮನೆಗೆ ಬಾಟಲಿ ತಂದದ್ದು ಅದೊಂದೇ ಸಲ.

"ಗಟಗಟ ಕುಡ್ದುಬುಡಬ್ಯಾಡ ಕಣ್ಲಾ. ಮೊದ್ಲು ಮೂಗಲ್ಲಿ ಕುಡಿ. ಏನ್ ಬಂತು, ಯೋಳು?"

"ಬೆಲ್ಲ," ಎಂದೆ.

"ಎಂಥಾ ಬೆಲ್ಲ? ಅಚ್ಚಿನದಾ? ಪಾಕ ತಳ ಇಡ್ದಿರೋ ವಾಸ್ನೆ ಅದು. ಈಗ ಒಂದ್ ಗುಟುಕು. ನಾಲ್ಗೆ ಮ್ಯಾಲೆ ಓಡಾಡ್ಲಿ."

ಮೊದಲು ಸಿಹಿ ಬಂತು, ಹುರಿದ ರಾಗಿಯ ಕಂಪಿನೊಡನೆ. ಆಮೇಲೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಒಂದು ಘಾಟು. ನುಂಗಿದ ಮೇಲೆ ಕಹಿ. ಬೇವಿನ ಚಿಗುರು ಅಗಿದಂಥ ಆ ಕಹಿ ಗಂಟಲಲ್ಲಿ ನಿಂತೇಬಿಟ್ಟಿತು. ಎದೆ ಮೆಲ್ಲಗೆ ಬೆಚ್ಚಗಾಯಿತು. ನಾನು ಮುಖ ಸಿಂಡರಿಸಿದ್ದನ್ನು ಕಂಡು ಅವರು ನಕ್ಕರು.

"ಕಹಿ ನುಂಗುದ್ ಮ್ಯಾಲೇ ತಿಳಿಯಾದು. ಇಂಥದ್ನ ಕಾಣಕ್ಕೆ ಇಪ್ಪತ್ತೊರ್ಸ ಬೇಕಾಯ್ತು ನಂಗೆ…"

ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡಿರಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆಯಿತು. ಅವರ ಮಗಳಿಗೆ ನಾಗಮಂಗಲದ ಕಡೆಯಿಂದ ಸಂಬಂಧವೊಂದು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಗಂಡಿನ ತಂದೆ ಮತ್ತು ಸೋದರಮಾವ ಹೇಳದೆ ಬಂದಿದ್ದರು. ಕೈಕಾಲು ತೊಳೆಯಲೆಂದು ಯಜಮಾನರ ಹೆಂಡತಿ ಅವರನ್ನು ಹಿತ್ತಿಲಿಗೆ ಕರೆತಂದಿದ್ದರು. ಕೈಯಲ್ಲಿ ನೀರಿನ ಚೊಂಬು ಹಿಡಿದ ಆಕೆ ಅಲ್ಲೇ ನಿಂತುಬಿಟ್ಟರು.

ಸೋದರಮಾವ ಬಾಟಲಿ ನೋಡಿದ. ಗ್ಲಾಸು ನೋಡಿದ. "ಏನ್ ಯಜಮಾನ್ರೇ, ಮಟಮಟ ಮಧ್ಯಾನ್ವೇ ಸುರು ಮಾಡ್ಬುಟ್ಟಿದ್ದೀರಿ?"

'ಇದು ನನ್ನದು' ಎಂದು ನಾನು ಹೇಳಬಹುದಿತ್ತು. ಒಂಟಿ ಗಂಡಸು ನಾನು, ಆ ಮಾತನ್ನು ಯಾರೂ ನಂಬದೇ ಇರುತ್ತಿರಲಿಲ್ಲ. ಆದರೆ ಕುಡಿಯುವವರಿಗೆ ಕೋಣೆ ಕೊಡುವುದಿಲ್ಲವೆಂದು ಮನೆಯ ಮಾಲೀಕರು ಮೊದಲೇ ಹೇಳಿದ್ದರು. ಕಚೇರಿಯವರೆಲ್ಲ ಅದೇ ಬೀದಿಯಲ್ಲಿದ್ದರು. ನಾನು ಗ್ಲಾಸನ್ನು ಕಲ್ಲಿನ ಹಿಂದೆ ಇಟ್ಟು, "ಬರ್ತೀನಿ" ಎಂದವನೇ ಗೋಡೆ ದಾಟಿಬಿಟ್ಟೆ.

ಹಿಂದಿನಿಂದ ಯಜಮಾನರ ದನಿ ಕೇಳಿತು. "ಇದೇ ಕಣಣ್ಣ ನನ್ ಕೆಲ್ಸ. ನಾನ್ ಕುಡಿಯೋನಲ್ಲ, ರುಚಿ ನೋಡೋನು." ಯಾರೋ ನಕ್ಕರು. ಕಾಫಿ ಕೂಡ ಕುಡಿಯದೆ ಅವರಿಬ್ಬರೂ ಹೊರಟುಹೋದರು.

ಸಂಬಂಧ ಮುರಿಯಿತು. ಮುಂದಿನ ತಿಂಗಳು ಯಜಮಾನರು ಕೆಲಸ ಬಿಟ್ಟರು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಊರಲ್ಲೇ ಅಕ್ಕಿ ಗಿರಣಿಯೊಂದರಲ್ಲಿ ಮೇಲ್ವಿಚಾರಣೆಗೆ ಸೇರಿಕೊಂಡರು. ಸ್ವಲ್ಪ ದಿನಕ್ಕೆ ಎಲೆ ಅಡಿಕೆ ಶುರುವಾಯಿತು, ಹೊಗೆಸೊಪ್ಪೂ ಸೇರಿತು. ಕೆಂಪು ಬಾಯಿಯಲ್ಲಿ ಅವರನ್ನು ಮೊದಲ ಸಲ ಕಂಡ ದಿನ ನನಗೆ ಊಟ ಸೇರಲಿಲ್ಲ. ನನ್ನೊಡನೆ ಮೊದಲಿನಂತೆಯೇ ಮಾತಾಡುತ್ತಿದ್ದರು. ಅಂದಿನ ವಿಷಯ ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ… ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ನನಗೆ ಬೇರೆ ಊರಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಮಗಳ ಮದುವೆಯಾಯಿತೆಂದು ಕೇಳಿದೆ. ಆಮೇಲೆ ಎಷ್ಟೋ ಕಾಲಕ್ಕೆ, ಅವರು ತೀರಿಕೊಂಡರೆಂದೂ ಕೇಳಿದೆ.

ಮೈಸೂರಿನ ಆ ಊಟವಾದ ವಾರಕ್ಕೆ ವಿಳಾಸ ಹುಡುಕಿಕೊಂಡು ಕೆ.ಆರ್. ಪೇಟೆಗೆ ಹೋದೆ. ಅವರ ಮಗಳು ಈಗ ಅಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ತಲೆ ಅರ್ಧ ನೆರೆತಿದೆ, ಹುಬ್ಬು ಮಾತ್ರ ಅಪ್ಪನದೇ. ಮೂವತ್ತು ವರ್ಷ ಹೇಳದೆ ಉಳಿದದ್ದನ್ನು ಹೊಲಿಗೆ ಮೆಷಿನ್ನಿನ ಪಕ್ಕ ಕೂತು ಹೇಳಿದೆ. ಅವಳು ಕೈಯಲ್ಲಿದ್ದ ರವಿಕೆ ಬಟ್ಟೆಯನ್ನು ಮಡಿಸುತ್ತಾ ಕೇಳಿದಳು.

"ನೀವು 'ನಂದು' ಅಂದಿದ್ರೂ ಅಪ್ಪ ಒಪ್ತಿರ್ಲಿಲ್ಲ ಬುಡಿ, ಅಣ್ಣ. ನಾನೇ ತಂದಿದ್ದು ಅಂತ್ಲೇ ಅನ್ನೋರು."

ನನಗೆ ಉಸಿರು ಬಂದಂತಾಯಿತು. ಅವಳು ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಆದ್ರೂ ನೀವೊಂದ್ ಮಾತು ಅನ್ಬೋದಿತ್ತು. ಗಂಡಿನ್ ಕಡೇರು ವೋದ್ ಮ್ಯಾಲೂ ಅಪ್ಪ ನಿಮ್ ಗೋಡೆ ಕಡೆ ನೋಡ್ಕಂಡು ಸುಮಾರೊತ್ತು ಅಂಗೇ ನಿಂತಿದ್ರು."

ಹೌದಮ್ಮ, ಅನ್ನಬಹುದಿತ್ತು ಎಂದೆ. ಅದನ್ನು ಕೇಳಬೇಕಾಗಿದ್ದವರು ಇರಲಿಲ್ಲ.