ತುಳಸವ್ವನ ಕಥೆಗೆ ಹೂಂ ಅಂದವರು

ತುಳಸವ್ವನ ಕಥೆಗೆ ಹೂಂ ಅನ್ನುವ ಹಕ್ಕು ಹನ್ನೊಂದು ವರ್ಷ ನನ್ನೊಬ್ಬಳದೇ ಆಗಿತ್ತು. ನಿಪ್ಪಾಣಿಯ ನಮ್ಮ ಓಣಿಯ ಆರು ಹೆಂಗಸರು ಅವಳ ಕಟ್ಟೆಯ ಮೇಲೆ ಕೂತು ಬೀಡಿ ಸುತ್ತುತ್ತಿದ್ದೆವು. ಗಂಡ ಸತ್ತ ಮೇಲೆ ಆ ಕಟ್ಟೆಯೇ ಅವಳ ಸಂಸಾರ. ಬೈಯುವುದು ಮರಾಠಿಯಲ್ಲಿ, ಕಥೆ ಹೇಳುವುದು ಕನ್ನಡದಲ್ಲಿ. ತಂಬಾಕಿನ ಮೊರದಿಂದ ಕಣ್ಣೆತ್ತುತ್ತಿರಲಿಲ್ಲ. ಹೂಂ ಕೇಳಿಸದಿದ್ದರೆ ಮಾತ್ರ ಕಥೆ ನಿಲ್ಲಿಸಿಬಿಡುತ್ತಿದ್ದಳು.

೧೯೮೬ರಲ್ಲಿ ನಮ್ಮ ಓಣಿಯ ಭರಮುವಿನ ಹೆಂಡತಿಯಾಗಿ ಉಗಾರದಿಂದ ಚಂದ್ರಮತಿ ಬಂದಳು. ಮುದುಕಿ ತುಳಸವ್ವ ಅವಳ ಕಡೆಗೇ ತಿರುಗಿ ಕೂತಳು.

“ಚಂದ್ರವ್ವ ಹೂಂ ಅಂದ್ರ ಕಥಿ ತಾನ ನಡೀತೈತಿ ನೋಡ.”

ಬೆಲ್ಲ ಸವರಿದಂಥ ಆ ಹೂಂ ಕೇಳಿದರೆ ಚಂದ್ರಮತಿಯ ಬಾಯಿಗೆ ತಂಬಾಕು ತುರುಕಬೇಕು ಅಂತ ನನಗೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ರಾಜನನ್ನು ಮದುವೆಯಾದ ತಂಗಿಯ ಕಥೆ ನಡೆದಿತ್ತು. ಸಹಿಸಲಾರದೆ ಅಕ್ಕ ಅವಳ ನೆತ್ತಿಗೆ ಜಾಲಿಮುಳ್ಳು ಚುಚ್ಚಿದಳು, ತಂಗಿ ಹಕ್ಕಿಯಾಗಿ ಹಾರಿಹೋದಳು. ಅಷ್ಟರಲ್ಲಿ ನಳಕ್ಕೆ ನೀರು ಬಂತೆಂದು ಚಂದ್ರಮತಿ ಕೊಡ ಹಿಡಿದು ಓಡಿದಳು. ತುಳಸವ್ವ ನನ್ನನ್ನು ನೋಡಿದಳು.

“ಹೂಂ ಅನ್ನಬೇ ಸಕ್ಕೂ. ಅರ್ಧಕ್ಕ ಬಿಟ್ರ ಅಕಿ ಹಕ್ಕಿಯಾಗೇ ಉಳಿತಾಳ.”

“ಉಳೀಲಿ. ನಿನ್ನ ಚಂದ್ರವ್ವ ಬಂದ ಹೂಂ ಅಂತಾಳ.”

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಜಗಳಕ್ಕೇ ಕೇಳಿದೆ.

“ಅಲ್ಲ ಆಯಿ, ಪಾಪದ ತಂಗಿ ಹಕ್ಕಿ ಆದ್ಳು. ಮುಳ್ಳ ಚುಚ್ಚಿದ ಅಕ್ಕ ಏನೂ ಆಗಲಿಲ್ಲೇನ?”

ತುಳಸವ್ವ ಮೊರ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. ಹೇನು ನೋಡುವ ಹಾಗೆ ನನ್ನ ಕೂದಲು ಬಿಡಿಸಿ ನೆತ್ತಿಯ ಮೇಲೆ ಬೆರಳಾಡಿಸಿದಳು.

“ಏನ ಹುಡುಕಾಕತ್ತಿ?”

“ಮುಳ್ಳ. ಅಕ್ಕನ ನೆತ್ತ್ಯಾಗೂ ಮುಳ್ಳ ಇತ್ತು, ಅಕಿ ತಂಗಿಗಿಂತ ಮೊದಲ ಬದಲಾಗಿದ್ಳು. ಮಾರಿ ಮನಿಷ್ಯಾರದ್ದ ಇತ್ತು, ಅದಕ್ಕ ಯಾರಿಗೂ ತಿಳೀಲಿಲ್ಲ. ತಂಗೀ ಮುಳ್ಳ ಮುಂದ ರಾಜ ಕೀಳ್ತಾನ. ಅಕ್ಕನ ನೆತ್ತಿ ಯಾರೂ ಮುಟ್ಟಿ ನೋಡಲಿಲ್ಲ.”

ನನಗೆ ಅಳು ಬಂತು. ಹನ್ನೊಂದು ವರ್ಷದಲ್ಲಿ ಅವಳು ನನ್ನ ತಲೆ ಮುಟ್ಟಿದ್ದು ಅದೇ ಮೊದಲು. ಆ ಕೈ ಅಲ್ಲೇ ಇರಲಿ ಅನ್ನಿಸಿತು.

ಅಷ್ಟರಲ್ಲಿ ಚಂದ್ರಮತಿ ತುಂಬಿದ ಕೊಡ ಹೊತ್ತು ಓಣಿಯ ತಿರುವಿನಲ್ಲಿ ಕಂಡಳು. ತುಳಸವ್ವ ಕೈ ತೆಗೆಯಲಿಲ್ಲ.

“ಮುಂದ ರಾಜ ಬಂದ...” ಎಂದಳು.

ಚಂದ್ರಮತಿ ಕಟ್ಟೆ ಹತ್ತುವ ಮೊದಲೇ ನಾನು ಹೂಂ ಅಂದೆ.